ಮೊನೆ ಮೇಷ್ಟ್ರ ಬೂದು ಇಲಿಗಳು

ಬೆಳಗ್ಗೆ ಆರೂಕಾಲಿಗೆ ಮೊನೆ ಮೇಷ್ಟ್ರು ಪಂಜರದ ಮೇಲಿನ ಬಟ್ಟೆ ಸರಿಸಿದಾಗ ಒಳಗಿದ್ದ ಎರಡೂ ಇಲಿಗಳು ಬೂದು ಬಣ್ಣದವಾಗಿದ್ದವು. ರಾತ್ರಿ ಬಟ್ಟೆ ಮುಚ್ಚುವಾಗ ಅವು ಬಿಳಿಯವಾಗಿದ್ದವು.

ಮೇಷ್ಟ್ರು ಬಟ್ಟೆಯನ್ನು ಮತ್ತೆ ಮುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದರು. ಬೂದು ಬೂದಾಗಿಯೇ ಇತ್ತು. ಆಗ ಅವರು ಪಕ್ಕದಲ್ಲಿದ್ದ ಕುರ್ಚಿಯ ಮೇಲೆ ಹತ್ತಿ ನಿಂತರು.

ಕುರ್ಚಿ ಹತ್ತಿದ್ದಕ್ಕೆ ಕಾರಣವಿದೆ. ಮೇಷ್ಟ್ರಿಗೆ ಇಲಿ ಎಂದರೆ ಭಯ. ಮದುವೆಯಾದ ಹೊಸದರಲ್ಲಿ ಅಡುಗೆಮನೆಗೆ ಒಂದು ಇಲಿ ನುಗ್ಗಿದಾಗ ಹೆಂಡತಿ ಪೊರಕೆ ಹಿಡಿದು ನೆಲದ ಮೇಲಿದ್ದಳು, ಗಂಡ ಟೀಪಾಯಿಯ ಮೇಲಿದ್ದರು. ಬಿಳಿ ಇಲಿಯ ವಿಷಯದಲ್ಲಿ ಮಾತ್ರ ಅವರು ಈಚೆಗೆ ಧೈರ್ಯ ತಂದುಕೊಂಡಿದ್ದರು. ಆ ಧೈರ್ಯ ಬೂದು ಇಲಿಗೆ ಅನ್ವಯಿಸುತ್ತಿರಲಿಲ್ಲ.

ಅವರು ಶಾಲೆಯ ಮೇಷ್ಟ್ರಲ್ಲ. ಪೆನ್ಸಿಲ್ ಕಾರ್ಖಾನೆಯಲ್ಲಿ ಕೊನೆಯ ಮೇಜಿನ ಪರೀಕ್ಷಕರು. ತಯಾರಾದ ಪೆನ್ಸಿಲ್ ರಾಶಿಯಿಂದ ಒಂದೊಂದನ್ನು ಎತ್ತಿ, ಯಂತ್ರಕ್ಕೆ ಕೊಟ್ಟು ಮೊನೆ ಮಾಡಿ, ಕಾಗದದ ಮೇಲೆ ಒತ್ತಿ ಬರೆದು, ಮೊನೆ ಮುರಿದರೆ ಆ ಇಡೀ ರಾಶಿಯನ್ನು ಹಿಂದಕ್ಕೆ ಕಳಿಸುವುದು ಅವರ ಕೆಲಸ. ಮುರಿಯದ ಪೆನ್ಸಿಲ್ ಕಂಡರೆ 'ಪಾಸ್' ಎನ್ನುತ್ತಿದ್ದುದರಿಂದ ಕಾರ್ಖಾನೆಯವರು ಅವರನ್ನು ಮೊನೆ ಮೇಷ್ಟ್ರು ಎಂದು ಕರೆದರು. ಬೀದಿಯವರೂ ಹಾಗೆಯೇ ಕರೆದರು. ಹೆಂಡತಿ 'ರೀ' ಎನ್ನುತ್ತಿದ್ದಳು.

ಹೆಂಡತಿ ಹೆರಿಗೆ ವಾರ್ಡಿನ ನರ್ಸು. ಒಂದೂವರೆ ವರ್ಷದ ಹಿಂದೆ ಅವಳಿಗೆ ದೂರದ ಬಂದರು ಪಟ್ಟಣದ ಆಸ್ಪತ್ರೆಗೆ ವರ್ಗವಾಯಿತು. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ. ರಜೆ ಸಿಕ್ಕಾಗ ಬರುತ್ತೇನೆ ಎಂದು ಹೋದಳು. ರಜೆ ಮಂಜೂರಾಗುತ್ತಿತ್ತು, ಅಷ್ಟರಲ್ಲಿ ಯಾರಿಗೋ ನೋವು ಶುರುವಾಗುತ್ತಿತ್ತು. ಮಕ್ಕಳು ಹುಟ್ಟುವುದನ್ನು ಮುಂದೂಡಲು ಬರುವುದಿಲ್ಲ, ರಜೆಯನ್ನು ಮುಂದೂಡಬಹುದು. ಆದ್ದರಿಂದ ಪ್ರತಿ ಸಲವೂ ರಜೆಯೇ ಮುಂದೆ ಹೋಯಿತು.

ಭಾನುವಾರ ಸಂಜೆ ಫೋನು. ಒಂದು ಭಾನುವಾರ ಅವಳು, "ಮನೆ ಹೇಗಿದೆ ರೀ?" ಎಂದು ಕೇಳಿದಳು.

"ಮನೆಗೇನು, ಗದ್ದಲವೋ ಗದ್ದಲ. ಇಬ್ಬರು ಬಂದು ಸೇರ್ಕೊಂಡಿದಾರೆ."

"ಯಾರು?"

"ಬಿಳಿ ಇಲಿ. ಒಂದು ಗಂಡು, ಒಂದು ಹೆಣ್ಣು. ಸಾಕ್ತಾ ಇದೀನಿ."

ಚಿಕ್ಕವಳಿದ್ದಾಗ ಅವಳು ತವರಿನಲ್ಲಿ ಬಿಳಿ ಇಲಿ ಸಾಕಿ ಮರಿ ಮಾಡಿಸುತ್ತಿದ್ದಳು. ಮದುವೆಯಾದ ಮೇಲೆ ಎಷ್ಟೋ ಸಲ ಕೇಳಿದ್ದಳು, ಮನೆಯಲ್ಲಿ ಏನಾದರೂ ಸರಪರ ಅನ್ನುತ್ತಿರಬೇಕು ರೀ ಎಂದು. ಮೇಷ್ಟ್ರು ಪ್ರತಿ ಸಲವೂ ಆಗುವುದಿಲ್ಲ ಎಂದಿದ್ದರು.

"ನೀವು," ಎಂದಳು ಅವಳು. "ಇಲಿ."

"ಯಾಕೆ, ಸಾಕಬಾರದಾ?"

"ಹಾಸಿಗೆಗೆ ಏನು ಹಾಕಿದೀರಿ?"

"ಅತ್ಯುತ್ತಮವಾದದ್ದು. ಎಲ್ಲ ಓದ್ಕೊಂಡೇ ತಂದಿರೋದು." ಮೇಷ್ಟ್ರು ಏನನ್ನೂ ಓದಿರಲಿಲ್ಲ.

ಅವಳು ನಕ್ಕಳು. "ಮರಿ ಹಾಕಲಿ ಕಣ್ರೀ. ಬರ್ತೀನಿ. ಯಾರು ಏನೇ ಅಂದ್ರೂ ಬರ್ತೀನಿ."

ಅಂದಿನಿಂದ ಆ ಪಂಜರದಲ್ಲಿದ್ದದ್ದು ಎರಡು ಇಲಿಗಳಲ್ಲ, ಒಂದು ಬಸ್ ಟಿಕೆಟ್ಟು. ಈಗ ಕುರ್ಚಿಯ ಮೇಲೆ ನಿಂತ ಮೇಷ್ಟ್ರ ಕಣ್ಣೆದುರಿಗೆ ಆ ಟಿಕೆಟ್ಟು ಬಣ್ಣ ಬದಲಾಯಿಸಿ ಮೀಸೆ ಅಲ್ಲಾಡಿಸುತ್ತಿತ್ತು.

ಕುರ್ಚಿಯ ಒಂದು ಕಾಲು ಗಿಡ್ಡ. ಅದು ವಾಲಿತು, ಮೇಷ್ಟ್ರೂ ವಾಲಿದರು. ಬಿದ್ದ ಸದ್ದಿಗೆ ಕೆಳಗಿನ ಮನೆಯಿಂದ ಒಡತಿ ಮೆಟ್ಟಿಲು ಹತ್ತಿ ಬಂದರು. ಆಕೆ ಮನೆ ಬಾಡಿಗೆಗೆ ಕೊಟ್ಟವರು, ವಯಸ್ಸಾದವರು, ಮಂಡಿ ನೋವಿನವರು. ಆದರೂ ಮೇಲಿನಿಂದ ಸದ್ದು ಬಂದರೆ ಮಂಡಿ ನೋಯುತ್ತಿರಲಿಲ್ಲ.

"ಏನ್ ಬಿತ್ತು?"

"ನಾನೇ ಅಮ್ಮಾ."

"ನೀವಾ. ನಾನು ಬೀರು ಅಂದ್ಕೊಂಡೆ." ಆಕೆ ಪಂಜರದ ಕಡೆ ನೋಡಿದರು. "ಇದೇನು ಇದು. ಬಿಳಿ ಅಂತ ಹೇಳಿ ಅಲ್ವಾ ಒಪ್ಪಿಸಿದ್ದು? ಬಿಳಿ, ಪಂಜರದೊಳಗೆ, ಎರಡೇ ಎರಡು. ಹೌದೋ ಅಲ್ವೋ?"

"ಹೌದಮ್ಮಾ. ರಾತ್ರಿ ಬಿಳಿಯೇ ಇದ್ವು."

"ರಾತ್ರಿ ನಂಗೂ ಕೂದಲು ಕರಿ ಕಾಣುತ್ತೆ."

ಇಷ್ಟರಲ್ಲಿ ಮೇಷ್ಟ್ರ ಭಾವಮೈದ ಬಂದ. ಹೆಂಡತಿಯ ತಮ್ಮ, ಲಿಫ್ಟ್ ರಿಪೇರಿಯವನು. ಕೆಲಸಕ್ಕೆ ಹೋಗುವ ದಾರಿಯಲ್ಲಿ ದಿನವೂ ಬಂದು ಕಾಫಿ ಕುಡಿದು ಪೇಪರು ಓದಿ ಹೋಗುವುದು ಅವನ ಪದ್ಧತಿ. ಲೋಕದಲ್ಲಿ ಅವನಿಗೆ ಗೊತ್ತಿಲ್ಲದ ಸಂಗತಿ ಇರಲಿಲ್ಲ; ಇದ್ದರೂ ಅವನಿಗೆ ಅದು ಗೊತ್ತಿರಲಿಲ್ಲ. ಮಂಡಿಯೂರಿ ಪಂಜರವನ್ನು ನಾಲ್ಕೂ ಕಡೆಯಿಂದ ನೋಡಿ ಎದ್ದು ನಿಂತ.

"ಭಾವ, ಗಟ್ಟಿ ಮನಸ್ಸು ಮಾಡ್ಕೊಳ್ಳಿ."

"ಹೇಳಪ್ಪ."

"ಬೀದಿ ಇಲಿ ನುಗ್ಗಿದೆ. ಜೋಡಿಯಾಗಿ ಬಂದು ನಿಮ್ಮ ಇಲಿಗಳನ್ನ ತಿಂದು ಜಾಗ ಹಿಡ್ಕೊಂಡಿದೆ."

"ಪಂಜರದ ಬಾಗಿಲು ಹಾಕೇ ಇತ್ತಲ್ಲೋ?"

"ಒಳಗೆ ಬಂದ್ಮೇಲೆ ಹಾಕ್ಕೊಂಡಿವೆ."

ಒಡತಿ ಒಪ್ಪಿ ತಲೆಯಾಡಿಸಿದರು. "ಬುದ್ಧಿವಂತ ಜಾತಿ. ಹೋದ ವರ್ಷ ನಮ್ಮ ಕಪಾಟು ಹೀಗೇ ಆಯ್ತು."

"ಮೂಳೆ ಏನೂ ಕಾಣ್ತಾ ಇಲ್ಲ," ಎಂದರು ಮೇಷ್ಟ್ರು.

"ಪೂರ್ತಿ ತಿಂದಿವೆ ಭಾವ. ಹೊಟ್ಟೆ ನೋಡಿ ಅದರದ್ದು, ಆ ದೊಡ್ಡದರದ್ದು. ಇನ್ನೂ ಜೀರ್ಣ ಆಗಿಲ್ಲ."

ಎರಡರಲ್ಲಿ ಒಂದು ಇಲಿಯ ಹೊಟ್ಟೆ ನಿಜವಾಗಿಯೂ ಉಬ್ಬಿತ್ತು. ಮೇಷ್ಟ್ರು ಆ ಹೊಟ್ಟೆಯನ್ನು ನೋಡಿದರು, ಅದರೊಳಗೆ ತಮ್ಮ ಬಿಳಿ ಇಲಿ ಇದೆ ಎಂದು ನಂಬಿದರು, ಬಿದ್ದಿದ್ದ ಕುರ್ಚಿಯನ್ನು ನೇರ ಮಾಡಿ ಅದರ ಮೇಲೆ ಕುಳಿತರು. "ಭಾನುವಾರ ಅವಳಿಗೆ ಏನು ಹೇಳಲಿ?" ಎಂದು ಕೇಳಿದರು. ಭಾವಮೈದ ಅಷ್ಟರಲ್ಲಿ ನಗರಸಭೆಗೆ ಫೋನ್ ಮಾಡುತ್ತಿದ್ದ.

ನಗರಸಭೆಯಲ್ಲಿ ಇಲಿ ನಿವಾರಣೆಗೆಂದೇ ಒಬ್ಬ ಅಧಿಕಾರಿಯಿದ್ದರು. ಚರಂಡಿ ಕಟ್ಟಿಕೊಂಡರೆ ವಾರ ಬಿಟ್ಟು ಬರುವ ಕಚೇರಿ ಅದು. ಆದರೂ ಅವರು, ಇಲಿಗಳು ಪಂಜರದೊಳಗೇ ಇವೆ ಎಂದು ಕೇಳಿದ ಮೇಲೆ ಅರ್ಧ ಗಂಟೆಯಲ್ಲಿ ಬಂದರು. ಒಂದು ಕೈಯಲ್ಲಿ ಇಲಿಬೋನು, ಇನ್ನೊಂದರಲ್ಲಿ ಹಳದಿ ರಬ್ಬರಿನ ಕೈಚೀಲ.

"ಬೆಟ್ಟ ಅಗೆದು ಇಲಿ ಹಿಡಿದ್ರು ಅಂತ ಜನ ನಗ್ತಾರೆ," ಎಂದರು ಅಧಿಕಾರಿ, ಪಂಜರವನ್ನು ಕಂಡು ಸಂತೋಷದಿಂದ. "ನಮ್ಮ ಇಲಾಖೆಗೆ ಅಷ್ಟು ಸಿಕ್ಕಿದ್ರೆ ಸಾಕು. ಇಲ್ಲಿ ಬೆಟ್ಟವೂ ಇಲ್ಲ. ಎಲ್ಲಿ, ಇವೇ ತಾನೆ? ಹೊಡೆದು ಹಾಕೋಣ."

"ಸ್ವಲ್ಪ ತಾಳಿ ಸಾರ್," ಎಂದರು ಮೇಷ್ಟ್ರು. "ಇವು ನನ್ನವೇ ಇದ್ರೆ?"

"ನಿಮ್ಮವು ಯಾವ ಬಣ್ಣ?"

"ಬಿಳಿ."

"ಇವು ಯಾವ ಬಣ್ಣ?"

ಮೇಷ್ಟ್ರು ಪಂಜರವನ್ನು ನೋಡಿದರು.

"ಬಿಳಿ ಅಂದ್ರೆ ನಿಮ್ಮದು. ಬೂದು ಅಂದ್ರೆ ನಮ್ಮದು. ನಿಯಮ ಬಹಳ ಸರಳ," ಎನ್ನುತ್ತ ಅಧಿಕಾರಿ ರಬ್ಬರಿನ ಕೈಚೀಲವನ್ನು ತೆರೆದರು. ಅದರೊಳಗಿಂದ ಅದೇ ಬಣ್ಣದ ಕೈಗವಸು ತೆಗೆದು ಹಾಕಿಕೊಂಡರು. ಹೊಟ್ಟೆ ಉಬ್ಬಿದ ಇಲಿಯನ್ನು ಮೆಲ್ಲಗೆ ಎತ್ತಿದರು. ಇಲಿ ಸೀನಿತು.

ಮೇಷ್ಟ್ರು ತಲೆ ಎತ್ತಿದರು. ಆ ಸೀನು ಅವರಿಗೆ ಪರಿಚಯದ್ದು. ಎರಡೂ ಇಲಿಗಳು ಬಂದ ಮೂರನೆಯ ದಿನದಿಂದ ಹಾಗೆ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿದ್ದವು. ಅವು ಪರಸ್ಪರ ಮಾತಾಡಿಕೊಳ್ಳುತ್ತಿವೆ ಎಂದು ಮೇಷ್ಟ್ರು ಇಷ್ಟು ದಿನ ತಿಳಿದಿದ್ದರು. ಗಂಡ ಹೆಂಡತಿ ಅಷ್ಟು ಮಾತಾಡುವುದನ್ನು ಕೇಳಿ ಹೊಟ್ಟೆಕಿಚ್ಚೂ ಪಟ್ಟಿದ್ದರು.

ಅವರು ಎದ್ದು ಅಧಿಕಾರಿಯ ಕೈ ನೋಡಿದರು. ಹಳದಿ ಗವಸಿನ ಮೇಲೆ ಇಲಿ ತಾಗಿದ ಕಡೆಯೆಲ್ಲ ಕರಿ ಹೊಳಪು. ಆ ಹೊಳಪು ಪ್ರತಿ ಸಂಜೆ ಅವರ ಬೆರಳುಗಳ ಮೇಲೂ ಇರುತ್ತದೆ, ಸೋಪಿಗೆ ಸುಲಭವಾಗಿ ಬಿಡುವುದಿಲ್ಲ. ಜನ ಅದನ್ನು ಸೀಸ ಎನ್ನುತ್ತಾರೆ. ಸೀಸ ಅಲ್ಲ, ಗ್ರಾಫೈಟ್ ಪುಡಿ.

ಇಲಿಗಳ ಹಾಸಿಗೆಗೆ ಮೇಷ್ಟ್ರು ಇಷ್ಟು ದಿನ ಕಾರ್ಖಾನೆಯ ಹಲಗೆ ವಿಭಾಗದಿಂದ ದೇವದಾರು ಮರದ ಹೊಟ್ಟು ತರುತ್ತಿದ್ದರು. ಹಿಂದಿನ ದಿನ ಹಲಗೆ ವಿಭಾಗ ರಿಪೇರಿಗೆಂದು ಮುಚ್ಚಿತ್ತು. ಅದಕ್ಕೆ ತಮ್ಮ ಮೇಜಿನ ಬುಟ್ಟಿಯಿಂದಲೇ ಪೆನ್ಸಿಲ್ ಸಿಪ್ಪೆ ತುಂಬಿಕೊಂಡು ಬಂದಿದ್ದರು, ಪುಡಿಯ ಸಮೇತ. ಇಲಿಗಳು ರಾತ್ರಿಯಿಡೀ ಅದರಲ್ಲಿ ಹೊರಳಿದ್ದವು.

"ಇವು ನನ್ನವೇ," ಎಂದರು ಮೇಷ್ಟ್ರು. "ಇದು ಬಣ್ಣ ಅಲ್ಲ. ಬರವಣಿಗೆ."

"ಅಂದ್ರೆ?"

ಮೇಷ್ಟ್ರು ವಿವರಿಸಲಿಲ್ಲ. ಬಹು ವರ್ಷಗಳ ಅಭ್ಯಾಸದಂತೆ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗಿ ಒಂದು ರಬ್ಬರ್ ತೆಗೆಯಿತು. ಅವರು ಇಲಿಯ ಬೆನ್ನನ್ನು ಮೃದುವಾಗಿ ಒರೆಸತೊಡಗಿದರು. ಇಲಿ ಕುತ್ತಿಗೆ ತಿರುಗಿಸಿ ರಬ್ಬರಿನ ಒಂದು ಮೂಲೆಯನ್ನು ಕಡಿದು ರುಚಿ ನೋಡಿತು. ಲಿಫ್ಟ್ ರಿಪೇರಿಯವನು ಪೇಪರು ಕೆಳಗಿಟ್ಟ. ನಗರಸಭೆಯ ಅಧಿಕಾರಿಯೊಬ್ಬರು ಇಲಿಯನ್ನು ಅಲುಗಾಡದಂತೆ ಹಿಡಿದಿದ್ದು, ನಾಗರಿಕರೊಬ್ಬರು ಅದನ್ನು ಅಳಿಸುತ್ತಿದ್ದ ಈ ಸಂದರ್ಭ ಆ ಊರಿನಲ್ಲಿ ಮೊದಲನೆಯದಾಗಿರಬೇಕು.

ಬೆನ್ನಿನ ಮೇಲೆ ಒಂದು ನಾಣ್ಯದಗಲ ಬಿಳುಪು ಕಂಡಿತು.

"ನೋಡಿ ಸಾರ್."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ಇಷ್ಟು ಜಾಗ ನಿಮ್ಮದು. ಉಳಿದದ್ದು ಇನ್ನೂ ನಮ್ಮದು."

"ಪಾಪದ್ದು, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ," ಎಂದು ಗೊಣಗಿದ ಒಡತಿ ಕೆಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಹಿಂಡಿಕೊಂಡು ಬಂದರು. "ಕೊಡಿ ಇಲ್ಲಿ. ಗಂಡಸರಿಗೆ ಮುಖ ಒರೆಸಕ್ಕೂ ಬರಲ್ಲ." ಆಕೆ ಒರೆಸುತ್ತ ಹೋದಂತೆ ಇಲಿ ಬಿಳಿಯಾಗುತ್ತ ಬಂತು. ಹೊಟ್ಟೆಯ ಹತ್ತಿರ ಬಂದಾಗ ಆಕೆಯ ಕೈ ನಿಂತಿತು.

"ಇದು ಬಸುರಿ."

"ಎರಡೇ ಎರಡು ಅಂದಿದ್ದೆ ನಾನು," ಎಂದರು ಒಡತಿ.

"ಸಂಖ್ಯೆ ಹೆಚ್ಚಾಗೋದಾದ್ರೆ ಬಣ್ಣ ಯಾವುದಾದ್ರೂ ನಮ್ಮ ಇಲಾಖೆಗೇ ಬರುತ್ತೆ," ಎಂದರು ಅಧಿಕಾರಿ.

"ನಾನು ಮೊದಲೇ ಹೇಳಿದೆ, ಹೊಟ್ಟೆ ನೋಡಿ ಅಂತ," ಎಂದ ಭಾವಮೈದ.

ಮೇಷ್ಟ್ರು ಇಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಟಿಕ್ ಟಿಕ್ ಎಂದು ಅದು ಉಸಿರಾಡುತ್ತಿತ್ತು. ಬಸುರಿ ಮಾತಾಡುತ್ತಿರಲಿಲ್ಲ, ಉಸಿರಿಗೆ ಒದ್ದಾಡುತ್ತಿತ್ತು ಎಂಬುದು ಅವರಿಗೆ ಈಗ ಹೊಳೆಯಿತು. ಭಾನುವಾರ ಅಲ್ಲದಿದ್ದರೂ ಅವರು ಫೋನ್ ಮಾಡಿದರು. ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ಏನ್ರೀ, ವಾರ್ಡಲ್ಲಿದೀನಿ. ಎಲ್ಲ ಸರಿ ಇದೆಯಾ?"

"ನಾನು ಏನೂ ಓದ್ಕೊಂಡಿರಲಿಲ್ಲ ಕಣೇ."

"ಅದು ನಂಗೆ ಗೊತ್ತು. ಏನಾಯ್ತು ಹೇಳಿ."

"ಇಲಿ ಬಸುರಿ. ಸೀನ್ತಾ ಇದೆ."

"ಫೋನಿಗೆ ಹತ್ತಿರ ಹಿಡೀರಿ."

ಹಿಡಿದರು. ನಾಲ್ವರೂ ಉಸಿರು ಬಿಗಿಹಿಡಿದರು, ಐದನೆಯದರ ಉಸಿರು ಕೇಳಲಿ ಎಂದು. ಆ ಕಡೆ ದೂರದಲ್ಲಿ ಯಾವುದೋ ಕೂಸು ಅಳುತ್ತಿತ್ತು.

"ಹಾಸಿಗೆ ಏನು?" ಎಂದಳು ಹೆಂಡತಿ.

"ಪೆನ್ಸಿಲ್ ಸಿಪ್ಪೆ. ಅದಕ್ಕೆ ಮುಂಚೆ ಮರದ ಹೊಟ್ಟು."

"ದೇವದಾರಾ? ಘಮ ಘಮ ಅನ್ನುತ್ತಲ್ಲ, ಅದಾ?"

"ಅದೇ." ಮೇಷ್ಟ್ರು ಸುತ್ತ ನಿಂತವರನ್ನು ನೋಡಿ ದನಿ ತಗ್ಗಿಸಿದರು. ತಗ್ಗಿಸಿದರೂ ಎಲ್ಲರಿಗೂ ಕೇಳಿಸಿತು. "ನಿಂಗೆ ಇಷ್ಟ ಅಂತ. ನಾನು ಕೆಲಸದಿಂದ ಬಂದ ಕೂಡ್ಲೇ ಅಂಗಿ ಮೂಸಿ ನೋಡ್ತಿದ್ದೆಯಲ್ಲ. ನೀನು ಬರೋ ಹೊತ್ತಿಗೆ ಮನೆಯೆಲ್ಲ ಹಾಗೇ ಇರಲಿ ಅಂತ."

ಲಿಫ್ಟ್ ರಿಪೇರಿಯವನು ಕಿಟಕಿಯ ಕಡೆ ತಿರುಗಿಕೊಂಡ.

"ರೀ," ಎಂದಳು ಅವಳು. "ಅದು ಹೆಂಡತಿಗೆ. ಇಲಿಗಲ್ಲ. ಪರಿಮಳದ ಮರ ಅವಕ್ಕೆ ಎದೆಗೂ ಆಗಲ್ಲ, ಲಿವರಿಗೂ ಆಗಲ್ಲ. ಎಲ್ಲ ತೆಗೆದು ಬಿಸಾಕಿ, ಪಂಜರ ತೊಳೀರಿ."

"ಹತ್ತಿ ಹಾಕಬಹುದಲ್ವಾ ಅಕ್ಕ?" ಎಂದ ತಮ್ಮ.

"ನೀನೂ ಇದೀಯಾ ಅಲ್ಲಿ? ಹತ್ತಿ ಎಳೆ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತೆ. ಬೇಡ. ನೀನು ಓದೋ ಪೇಪರೂ ಬೇಡ, ಶಾಯಿ ಮೈಗೆಲ್ಲ ಮೆತ್ತುತ್ತೆ. ಏನೂ ಅಚ್ಚಾಗಿರದ ಮೆತ್ತನೆ ಕಾಗದ, ಬಣ್ಣ ಇಲ್ಲದ್ದು, ವಾಸನೆ ಇಲ್ಲದ್ದು. ಹರಿದು ದಪ್ಪಗೆ ಹಾಸಿ. ಗೂಡು ಅದೇ ಕಟ್ಟಿಕೊಳ್ಳುತ್ತೆ. ಗಂಡನ್ನ ಇವತ್ತೇ ಬೇರೆ ಇಡಿ, ಇಲ್ಲದಿದ್ರೆ ಹೆತ್ತ ದಿನವೇ ಮತ್ತೆ ಬಸುರಾಗುತ್ತೆ."

"ಅದನ್ನ ಇಲಾಖೆ ಬೆಂಬಲಿಸುತ್ತೆ," ಎಂದರು ಅಧಿಕಾರಿ.

"ಅದ್ಯಾರು?"

"ನಗರಸಭೆಯಿಂದ, ಮೇಡಂ. ಸುಮ್ಮನೆ ಬಂದಿದ್ದೆ."

"ಹೆತ್ತ ಮೇಲೆ ಕೆಲವು ದಿನ ಯಾರೂ ಗೂಡು ಕೆದಕಬೇಡಿ. ಸದ್ದು ಬೇಡ. ಮತ್ತೆ ರೀ, ಕಾರ್ಖಾನೆಯಿಂದ ಬಂದವರು ಅಂಗಿ ಹೊರಗೆ ಬಿಚ್ಚಿ, ಸ್ನಾನ ಮಾಡಿ, ಆಮೇಲೆ ಪಂಜರದ ಹತ್ತಿರ ಹೋಗಿ. ಅಮ್ಮಾವ್ರು ಇದಾರಾ ಅಲ್ಲಿ?"

"ಇದೀನಮ್ಮಾ," ಎಂದರು ಒಡತಿ, ಫೋನಿನ ಕಡೆ ಬಗ್ಗಿ.

"ಕಾಗದ ನೀವೇ ಹರಿದು ಕೊಡಿ. ಇವರ ಕೈಲಿ ಆಗಲ್ಲ."

"ಎಷ್ಟು ಮರಿ ಆಗುತ್ತಮ್ಮಾ?"

"ಎಂಟೋ ಹತ್ತೋ."

ಒಡತಿ ಪಂಜರವನ್ನೂ ಮೇಷ್ಟ್ರನ್ನೂ ಒಮ್ಮೆ ನೋಡಿದರು. "ಎರಡು ಅಂದದ್ದು ದೊಡ್ಡವರ ಲೆಕ್ಕ," ಎಂದರು. "ಕಾಗದ ಎಲ್ಲಿದೆ?"

ಕಾಗದ ಕಾರ್ಖಾನೆಯಲ್ಲಿತ್ತು. ಡಜನ್ ಪೆನ್ಸಿಲ್ ಸುತ್ತುವ ತೆಳು ಬಿಳಿ ಹಾಳೆಗಳು. ಅಂಚು ಹರಿದವನ್ನು ಅಲ್ಲಿ ಎಸೆಯುತ್ತಿದ್ದರು, ಮೇಷ್ಟ್ರು ಕೇಳಿ ತಂದರು. ಗಂಡಿಲಿಗೆ ಬೇರೆ ಪಂಜರ ಇರಲಿಲ್ಲವಾದ್ದರಿಂದ ಅಧಿಕಾರಿ ತಮ್ಮ ಇಲಿಬೋನನ್ನೇ ಕೊಟ್ಟು ಹೋದರು, ತಿಂಡಿ ಸಿಕ್ಕಿಸುವ ಮುಳ್ಳು ತೆಗೆದು, ಬಾಗಿಲಿಗೆ ತಂತಿ ಕಟ್ಟಿ. ನಗರಸಭೆಯ ಆಸ್ತಿ ಎಂದು ಅದರ ಮೇಲೆ ಬಣ್ಣದಲ್ಲಿ ಬರೆದಿತ್ತು.

ಹೀಗಾಗಿ ಆ ಮನೆಯಲ್ಲಿ ಈಗ ಒಂಟಿ ಗಂಡಂದಿರು ಇಬ್ಬರಾದರು. ಸಂಜೆ ಒಬ್ಬರು ಮೇಜಿನ ಮುಂದೆ ಕುಳಿತು ಊಟ ಮಾಡುತ್ತಿದ್ದರು, ಇನ್ನೊಬ್ಬರು ಬೋನಿನಲ್ಲಿ ಕುಳಿತು ಕಾಳು ಕಡಿಯುತ್ತಿದ್ದರು. ಇಬ್ಬರೂ ಆಗಾಗ ಪಂಜರದ ಕಡೆ ತಿರುಗುತ್ತಿದ್ದರು. "ಸಮಾಧಾನ ಮಾಡ್ಕೋ," ಎಂದು ಮೇಷ್ಟ್ರು ಹೇಳುತ್ತಿದ್ದುದನ್ನು ಒಡತಿ ಕೇಳಿಸಿಕೊಂಡಿದ್ದಾರೆ. ಯಾರಿಗೆ ಹೇಳಿದರು ಎಂಬುದು ಆಕೆಗೂ ಖಚಿತವಿಲ್ಲ. ಸೀನು ವಾರದೊಳಗೆ ನಿಂತಿತು. ಮೇಷ್ಟ್ರ ಮನೆ ಯಾವ ವಾಸನೆಯೂ ಇಲ್ಲದ ಮನೆಯಾಯಿತು.

ಒಂದು ಬೆಳಗ್ಗೆ ಕಾಗದದ ರಾಶಿಯೊಳಗಿಂದ ತೀರಾ ಸಣ್ಣ ಸದ್ದು ಬಂತು. ಮೇಷ್ಟ್ರು ಮುಟ್ಟಲಿಲ್ಲ, ಇಣುಕಲಿಲ್ಲ, ಕುರ್ಚಿಯನ್ನೂ ಹತ್ತಲಿಲ್ಲ. ತುದಿಗಾಲಿನಲ್ಲಿ ಮೆಟ್ಟಿಲಿಳಿದು ಬೀದಿಗೆ ಹೋಗಿ ಅಲ್ಲಿಂದ ಫೋನ್ ಮಾಡಿದರು.

"ಆಯ್ತು ಕಣೇ."

"ಕಣ್ಣು ಬಿಡೋ ಹೊತ್ತಿಗೆ ಬರ್ತೀನಿ," ಎಂದಳು ಅವಳು.

ಅವಳು ಈ ಮಾತನ್ನು ಹಿಂದೆಯೂ ಬೇರೆ ಬೇರೆ ಕಾರಣಕ್ಕೆ ಹೇಳಿದ್ದಳು. ಮೇಷ್ಟ್ರು ನಂಬಿಯೂ ನಂಬದೆ ದಿಂಬಿನ ಕವರು ಒಗೆದರು. ಭಾವಮೈದ ಕಾಫಿ ಕುಡಿಯುತ್ತ, "ಬರಲ್ಲ ಭಾವ, ವಾರ್ಡು ಬಿಡಲ್ಲ ಅವಳನ್ನ," ಎಂದ. ಮೇಷ್ಟ್ರು ಕವರನ್ನು ಇಸ್ತ್ರಿ ಮಾಡಿದರು.

ಎರಡು ವಾರ ಕಳೆದು ಒಂದು ಶನಿವಾರ ಬೆಳಗ್ಗೆ ಅವಳು ಬಂದಳು. ಚೀಲ ಬಾಗಿಲ ಬಳಿ ಇಟ್ಟು, ಗಿಡ್ಡ ಕಾಲಿನ ಕುರ್ಚಿಯ ಮೇಲೆ ಕುಳಿತು, ಒಂದು ಚಪ್ಪಲಿ ಬಿಚ್ಚಿದಳು.

"ಹೇಗೆ ಬಿಟ್ರು?" ಎಂದರು ಮೇಷ್ಟ್ರು.

"ಮನೇಲಿ ಹೆರಿಗೆ ಅಂದೆ. ಮೇಟ್ರನ್ ಮೇಡಂ ಯಾರದ್ದು ಅಂತ ಕೇಳಲಿಲ್ಲ. ಎಷ್ಟು ಮಕ್ಕಳಾಗಿದ್ರೂ ಪ್ರಯಾಣ ಬಿಟ್ಟು ಎರಡೇ ದಿನ ಅಂದ್ರು."

"ಒಂಬತ್ತು ಆಗಿದೆ."

"ಒಂಬತ್ತಾ," ಎಂದಳು. ಎರಡನೆಯ ಚಪ್ಪಲಿ ಬಿಚ್ಚುವ ಮೊದಲೇ ನಿದ್ದೆ ಹೋದಳು. ನಾಲ್ಕು ರಾತ್ರಿ ಸತತ ಪಾಳಿ ಮಾಡಿ ಬಸ್ಸು ಹತ್ತಿದ್ದಳು.

ಮೇಷ್ಟ್ರು ಅವಳನ್ನು ಮಂಚಕ್ಕೆ ಸೇರಿಸಿದರು. ಹೇಳಬೇಕಾದದ್ದು ಒಂದೂವರೆ ವರ್ಷದಷ್ಟಿತ್ತು. ಅದನ್ನೆಲ್ಲ ಇಟ್ಟುಕೊಂಡು ಮಂಚಕ್ಕೂ ಪಂಜರಕ್ಕೂ ನಡುವೆ ಕುಳಿತರು. ಮಧ್ಯಾಹ್ನ ಒಡತಿ ಬಂದು, "ಎಲ್ಲಿ ನಿಮ್ಮಾಕೆ?" ಎಂದು ಗಟ್ಟಿಯಾಗಿ ಕೇಳಿದಾಗ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು.

"ಗೂಡು ಕೆದಕಬಾರದಮ್ಮಾ."

ಭಾನುವಾರ ಮಧ್ಯಾಹ್ನ ಅವಳು ಎದ್ದಳು. ಬಸ್ಸು ಹೊರಡಲು ಇನ್ನು ಮೂರು ಗಂಟೆಯಷ್ಟೇ ಉಳಿದಿತ್ತು. ಪಂಜರದ ಮುಂದೆ ನೆಲದ ಮೇಲೆ ಕುಳಿತು ಕಾಗದವನ್ನು ಬೆರಳ ತುದಿಯಿಂದ ಸರಿಸಿದಳು. ಮೈತುಂಬ ಬಿಳಿ ಕೂದಲು ಬಂದು, ಕಣ್ಣು ಬಿಟ್ಟಿದ್ದ ಒಂಬತ್ತು ಮರಿಗಳು ಅವಳನ್ನು ನೋಡಿದವು. ಅವಳು ಒಂದನ್ನು ಅಂಗೈ ಮೇಲೆ ಕೂರಿಸಿಕೊಂಡಳು, ಇನ್ನೊಂದನ್ನು ಗಂಡನ ಅಂಗೈ ಮೇಲೆ ಇಟ್ಟಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು, ಕೈ ಎಳೆದುಕೊಳ್ಳಲಿಲ್ಲ.

"ಕಾಗದ ಯಾರು ಹರಿದದ್ದು?"

"ಅಮ್ಮಾವ್ರು. ದಿನಾ ಬಂದು ಹರೀತಾರೆ. ಅರ್ಧ ನಂಗೂ ಕಲಿಸಿದಾರೆ."

ಅವಳು ಅವರ ಭುಜಕ್ಕೆ ಒರಗಿ ಅಂಗಿಯನ್ನು ಮೂಸಿದಳು. ತಲೆ ಎತ್ತಿ, ಇನ್ನೊಂದು ಕಡೆ ಮೂಸಿದಳು.

"ಏನೂ ಇಲ್ವಲ್ಲ ರೀ."

"ನೀನೇ ಹೇಳಿದ್ದು. ಹೊರಗೆ ಬಿಚ್ಚಿ, ಸ್ನಾನ ಮಾಡಿ ಬನ್ನಿ ಅಂತ."

"ನಿಜಕ್ಕೂ ಹಾಗೇ ಮಾಡಿದ್ರಾ?"

"ಒಂದು ದಿನವೂ ತಪ್ಪಿಸಿಲ್ಲ."

ಅವಳು ಮರಿಗಳನ್ನು ಒಂದೊಂದಾಗಿ ಗೂಡಿಗೆ ಬಿಟ್ಟಳು. ಬೋನಿನಲ್ಲಿದ್ದ ಗಂಡಿಲಿಯನ್ನು ಪಂಜರದ ಪಕ್ಕಕ್ಕೆ, ಸರಳಿಗೆ ಸರಳು ತಾಗುವ ಹಾಗೆ ಇಟ್ಟಳು, ಒಳಗೆ ಬಿಡಲಿಲ್ಲ. ಆಮೇಲೆ ಬಾಲ್ಕನಿಗೆ ಹೋದಳು. ಅಲ್ಲಿ ಮೊಳೆಗೆ ಮೇಷ್ಟ್ರ ಕಾರ್ಖಾನೆಯ ಅಂಗಿ ನೇತಾಡುತ್ತಿತ್ತು, ತೋಳಿನ ತುದಿ ಕರ್ರಗೆ, ಜೇಬಿನಲ್ಲಿ ಕಡಿದ ರಬ್ಬರ್.

"ಅದು ಒಗೆದಿಲ್ಲ ಕಣೇ," ಎಂದರು ಮೇಷ್ಟ್ರು ಒಳಗಿನಿಂದ.

"ಗೊತ್ತಾಗ್ತಾ ಇದೆ," ಎಂದಳು ಅವಳು, ಬಾಲ್ಕನಿಯಲ್ಲೇ ನಿಂತು.

ಬಸ್ಸು ಸರಿಯಾದ ಹೊತ್ತಿಗೆ ಹೊರಟಿತು. ಬಾಲ್ಕನಿಯ ಮೊಳೆ ಖಾಲಿಯಿತ್ತು. ಸೋಮವಾರ ಮೊನೆ ಮೇಷ್ಟ್ರು ಭಾವಮೈದನ ಹಳೆಯ ಅಂಗಿ ತೊಟ್ಟು ಕೆಲಸಕ್ಕೆ ಹೋದರು.